ಗದ್ದಲದ ನಡುವೆ ಧಾರಣೆಯ ಮಾತು: ವರ್ತಕರಿಗೆ ತಕ್ಕ ತಂತಿರಹಿತ ಹೆಡ್‌ಫೋನ್ ಯಾವುದು?

ಮದ್ದೂರು ತಾಲ್ಲೂಕಿನ ನಾಲ್ಕು ಹೋಬಳಿಗಳಲ್ಲಿ ಒಂದಾದ ಆತಗೂರು ಹೋಬಳಿಯ ಬೆಳೆಗಾರರು ಮತ್ತು ವರ್ತಕರ ವ್ಯವಹಾರವು ಇಂದು ಬಹುಮಟ್ಟಿಗೆ ಮೊಬೈಲ್ ದೂರವಾಣಿಯ ಮೇಲೆಯೇ ನಡೆಯುತ್ತದೆ. ಮದ್ದೂರಿನ ಕೃಷಿ ಉತ್ಪನ್ನ ಮಾರುಕಟ್ಟೆಯ ಪ್ರಾಂಗಣದಿಂದ ಎಳನೀರು ಮುಂಬಯಿ, ದೆಹಲಿಗಳಿಗೆ ಲಾರಿಗಳಲ್ಲಿ ಹೊರಡುತ್ತದೆ. ಮಂಡ್ಯದ ಮಾರುಕಟ್ಟೆಯಿಂದ ಬೆಲ್ಲವು ಹೊರರಾಜ್ಯಗಳಿಗೆ ಸಾಗುತ್ತದೆ. ಸರಕು ಊರು ಬಿಡುವ ಮೊದಲೇ ಅದರ ಧಾರಣೆ ಬಾಯಿಮಾತಿನಲ್ಲಿ ನಿಶ್ಚಯವಾಗಿರುತ್ತದೆ. ಆ ಮಾತು ನಡೆಯುವ ಸ್ಥಳವಾದರೋ ಲಾರಿಗೆ ಕಾಯಿ ತುಂಬುವ ಅಂಗಳ, ಆಲೆಮನೆಯ ಗಾಣದ ಪಕ್ಕ, ಅಕ್ಕಿ ಗಿರಣಿಯ ಬಾಗಿಲು ಅಥವಾ ಹೆದ್ದಾರಿಯ ಬದಿ. ಒಂದು ಕೈಯಲ್ಲಿ ಲೆಕ್ಕದ ಪುಸ್ತಕ, ಇನ್ನೊಂದರಲ್ಲಿ ತೂಕದ ಚೀಟಿ ಇರುವಾಗ ಫೋನನ್ನು ಹೆಗಲಿಗೂ ಕಿವಿಗೂ ನಡುವೆ ಅವುಚಿ ಮಾತನಾಡುವ ದೃಶ್ಯ ಎಲ್ಲ ಮಾರುಕಟ್ಟೆಗಳಲ್ಲಿಯೂ ಸಾಮಾನ್ಯ.

ಇಂತಹ ಸ್ಥಳದಲ್ಲಿ ಒಂದು ಅಕ್ಷರ ತಪ್ಪಿ ಕೇಳಿಸಿದರೆ ಆಗುವ ನಷ್ಟ ಅಲ್ಪವಾದುದಲ್ಲ. ಯಂತ್ರದ ಸದ್ದಿನಲ್ಲಿ ‘ಎಪ್ಪತ್ತು’ ಎಂಬುದು ‘ಎಂಬತ್ತು’ ಎಂದು ಕೇಳಿಸಬಹುದು. ‘ಇಪ್ಪತ್ತಾರೂವರೆ’ಯ ಕೊನೆಯ ‘ವರೆ’ ಗಾಳಿಯಲ್ಲಿ ಹಾರಿಹೋಗಬಹುದು. ಮುಂಬಯಿಯ ವ್ಯಾಪಾರಿಯೊಡನೆ ಹಿಂದಿಯಲ್ಲಿ ಮಾತನಾಡುವಾಗ ‘ಸಾತ್’ ಮತ್ತು ‘ಸಾಠ್’ಗಳ ನಡುವಣ ವ್ಯತ್ಯಾಸವು ಕೊನೆಯ ಒಂದು ವ್ಯಂಜನದಲ್ಲಿ ಮಾತ್ರ ಇದೆ. ಲಾರಿಯೊಂದಕ್ಕೆ ಹತ್ತು ಸಾವಿರ ಕಾಯಿ ಎಂದು ಲೆಕ್ಕ ಹಿಡಿದರೆ, ಕಾಯಿಗೆ ಒಂದು ರೂಪಾಯಿ ಹೆಚ್ಚುಕಡಿಮೆಯಾದರೂ 10,000 ರೂಪಾಯಿಗಳ ವ್ಯತ್ಯಾಸ ಬೀಳುತ್ತದೆ. ಹಣಕ್ಕಿಂತ ಹೆಚ್ಚಾಗಿ, ‘ಅಂದು ನೀವು ಹೇಳಿದ್ದು ಬೇರೆ’ ಎಂಬ ಮಾತು ಒಮ್ಮೆ ಬಂದರೆ ಹಲವು ವರ್ಷಗಳ ಕೊಡು-ಕೊಳ್ಳುವಿಕೆಗೆ ಧಕ್ಕೆಯುಂಟಾಗುತ್ತದೆ.

1990ರ ದಶಕದಲ್ಲಿ ಊರೂರುಗಳಲ್ಲಿ ತಲೆಯೆತ್ತಿದ ಎಸ್.ಟಿ.ಡಿ. ಬೂತುಗಳಿಗೆ ಗಾಜಿನ ಬಾಗಿಲು ಇರುತ್ತಿತ್ತು. ಒಳಹೊಕ್ಕು ಬಾಗಿಲು ಮುಚ್ಚಿದರೆ ಹೊರಗಿನ ಸದ್ದು ಅಷ್ಟರಮಟ್ಟಿಗೆ ಅಡಗುತ್ತಿತ್ತು. ಮೊಬೈಲ್ ಬಂದ ಮೇಲೆ ವ್ಯವಹಾರದ ಮಾತು ಆ ಗಾಜಿನ ಗೂಡಿನಿಂದ ಬಯಲಿಗೆ ಬಂದಿತು. ಬಾಗಿಲು ಮಾತ್ರ ಜೊತೆಯಲ್ಲಿ ಬರಲಿಲ್ಲ. ತಂತಿರಹಿತ ಹೆಡ್‌ಫೋನನ್ನು ವರ್ತಕರು ಕೊಳ್ಳುವುದಾದರೆ ಕೊಳ್ಳಬೇಕಾದದ್ದು ಈ ಬಾಗಿಲಿಗಾಗಿಯೇ ಹೊರತು ಸಂಗೀತಕ್ಕಾಗಿ ಅಲ್ಲ.

ಆದರೆ ಅಂಗಡಿಗಳಲ್ಲಿ ಈ ಸಾಧನವು ಮಾರಾಟವಾಗುವುದು ಸಂಗೀತದ ಹೆಸರಿನಲ್ಲಿ. ಪೆಟ್ಟಿಗೆಯ ಮೇಲೆ ದಪ್ಪಕ್ಷರಗಳಲ್ಲಿ ಇರುವುದು ಧ್ವನಿಯ ಗಾಂಭೀರ್ಯ, ಸ್ಪೀಕರಿನ ಅಳತೆ, ಇಷ್ಟು ಗಂಟೆಗಳ ಬ್ಯಾಟರಿ ಎಂಬ ವಿವರಗಳು. ಗ್ರಾಹಕನೂ ಹಾಡೊಂದನ್ನು ಹಾಕಿ ಕೇಳಿ, ತೃಪ್ತನಾಗಿ ಹಣ ಕೊಡುತ್ತಾನೆ. ಇಲ್ಲಿ ಒಂದು ತಾಂತ್ರಿಕ ಸಂಗತಿಯನ್ನು ತಿಳಿದಿರುವುದು ಅವಶ್ಯ. ಬ್ಲೂಟೂತ್ ಸಾಧನಗಳು ಸಾಮಾನ್ಯವಾಗಿ ಹಾಡಿಗೆ ಒಂದು ವಿಧಾನವನ್ನೂ ಮಾತಿಗೆ ಬೇರೊಂದು ವಿಧಾನವನ್ನೂ ಬಳಸುತ್ತವೆ. ಕರೆ ಬಂದು ಮೈಕ್ ತೆರೆದ ಕೂಡಲೇ ಸಾಧನವು ‘ಹ್ಯಾಂಡ್ಸ್-ಫ್ರೀ’ ಎಂಬ ವಿಧಾನಕ್ಕೆ ಇಳಿಯುತ್ತದೆ. ಅಲ್ಲಿ ಧ್ವನಿಯ ವ್ಯಾಪ್ತಿ ಬಹಳ ಕಿರಿದು. ಆದುದರಿಂದ ಹಾಡು ಸೊಗಸಾಗಿ ಕೇಳಿಸಿತೆಂಬ ಕಾರಣಕ್ಕೆ ಮಾತೂ ಸ್ಪಷ್ಟವಾಗಿರುತ್ತದೆಂದು ಭಾವಿಸುವಂತಿಲ್ಲ. ಎಲ್.ಡಿ.ಎ.ಸಿ., ಆಪ್ಟ್‌ಎಕ್ಸ್ ಮುಂತಾಗಿ ಪೆಟ್ಟಿಗೆಯ ಮೇಲೆ ಮೆರೆಯುವ ಹೆಸರುಗಳು ಸಾಮಾನ್ಯವಾಗಿ ಹಾಡಿಗೆ ಸಂಬಂಧಿಸಿದವು. ದರ ಮಾತನಾಡುವವರು ಅವುಗಳಿಗಾಗಿ ಹೆಚ್ಚಿನ ಹಣ ತೆರುವ ಅಗತ್ಯ ಕಾಣುವುದಿಲ್ಲ.

ಮಾತಿನ ಗುಣಮಟ್ಟಕ್ಕೆ ಸಂಬಂಧಿಸಿದ ಪದ ‘ವೈಡ್‌ಬ್ಯಾಂಡ್ ಸ್ಪೀಚ್’ ಅಥವಾ ‘ಎಚ್.ಡಿ. ವಾಯ್ಸ್’. ಹಳೆಯ ದೂರವಾಣಿ ಜಾಲವು ಸುಮಾರು 300ರಿಂದ 3,400 ಹರ್ಟ್ಜ್‌ವರೆಗಿನ ಧ್ವನಿಯನ್ನಷ್ಟೇ ಸಾಗಿಸುತ್ತಿತ್ತು. ‘ಸ’, ‘ಶ’, ‘ತ’, ‘ಠ’ಗಳನ್ನು ಬೇರ್ಪಡಿಸುವ ಸೂಕ್ಷ್ಮ ಅಂಶಗಳು ಬಹುಪಾಲು ಅದಕ್ಕೂ ಮೇಲಿನ ಕಂಪನಾಂಕಗಳಲ್ಲಿ ಇರುತ್ತವೆ. 4ಜಿ ಜಾಲದ ಮೇಲಿನ ಕರೆಗಳು ಸುಮಾರು 7,000 ಹರ್ಟ್ಜ್‌ವರೆಗೂ ಧ್ವನಿಯನ್ನು ಒಯ್ಯಬಲ್ಲವು. ಆದರೆ ಜಾಲವು ಅಷ್ಟನ್ನು ತಂದುಕೊಟ್ಟರೂ ಕಿವಿಯಲ್ಲಿರುವ ಸಾಧನ ಹಳೆಯ ಕಿರಿದಾದ ವಿಧಾನದಲ್ಲಿಯೇ ಇದ್ದರೆ ಫಲವಿಲ್ಲ. ಬ್ಲೂಟೂತ್‌ನ ಹ್ಯಾಂಡ್ಸ್-ಫ್ರೀ ವಿಧಾನಕ್ಕೆ ಈ ವಿಸ್ತೃತ ಧ್ವನಿ ಸೇರಿದ್ದು 2011ರಲ್ಲಿ. 2020ರಲ್ಲಿ ಘೋಷಿತವಾದ ‘ಎಲ್.ಇ. ಆಡಿಯೊ’ ಎಂಬ ಹೊಸ ಪದ್ಧತಿ ಇನ್ನೂ ಉತ್ತಮವಾದದ್ದು. ಅದಕ್ಕೆ ಫೋನು ಮತ್ತು ಹೆಡ್‌ಫೋನು ಎರಡೂ ಹೊಂದಿಕೆಯಾಗಿರಬೇಕು.

ಎರಡು ಬಗೆಯ ಶಬ್ದ ನಿವಾರಣೆ

ಗ್ರಾಹಕರು ಅತ್ಯಂತ ಹೆಚ್ಚಾಗಿ ಗೊಂದಲಕ್ಕೊಳಗಾಗುವುದು ಎ.ಎನ್.ಸಿ. ಮತ್ತು ಇ.ಎನ್.ಸಿ. ಎಂಬ ಎರಡು ಸಂಕ್ಷಿಪ್ತ ರೂಪಗಳ ವಿಷಯದಲ್ಲಿ. ಎ.ಎನ್.ಸಿ. ಎಂಬುದು ಧರಿಸಿದವರ ಕಿವಿಗೆ ಬೀಳುವ ಹೊರಗಿನ ಸದ್ದನ್ನು ಕಡಿಮೆ ಮಾಡುವ ವ್ಯವಸ್ಥೆ. ಹೊರಗಿನ ಶಬ್ದದ ಅಲೆಯನ್ನು ಮೈಕ್ ಗ್ರಹಿಸುತ್ತದೆ. ಅದಕ್ಕೆ ವಿರುದ್ಧವಾದ ಅಲೆಯನ್ನು ಸಾಧನವು ಕಿವಿಯೊಳಗೆ ಹೊರಡಿಸಿ ಎರಡನ್ನೂ ಪರಸ್ಪರ ವಜಾ ಮಾಡುತ್ತದೆ. ಮೋಟಾರು, ಡೀಸೆಲ್ ಎಂಜಿನ್ ಮುಂತಾದವುಗಳ ಒಂದೇ ಸಮನಾದ ಗುಂಯ್‌ಗುಟ್ಟುವಿಕೆಗೆ ಇದು ಚೆನ್ನಾಗಿ ಒದಗುತ್ತದೆ. ಸುತ್ತಿಗೆಯ ಪೆಟ್ಟು, ಹಮಾಲರ ಕೂಗು, ಲಾರಿಯ ಹಾರನ್ನುಗಳ ಮೇಲೆ ಇದರ ಪ್ರಭಾವ ಅಲ್ಪ.

ಇ.ಎನ್.ಸಿ. ಎಂಬುದರ ಫಲ ದೊರೆಯುವುದು ಮಾತನಾಡುವವರಿಗಲ್ಲ, ಆ ಕಡೆ ಕೇಳುವವರಿಗೆ. ಎರಡು ಅಥವಾ ಹೆಚ್ಚು ಮೈಕ್‌ಗಳ ನೆರವಿನಿಂದ ಬಾಯಿಯ ದಿಕ್ಕಿನ ಧ್ವನಿಯನ್ನು ಆರಿಸಿಕೊಂಡು ಸುತ್ತಲಿನ ಗದ್ದಲವನ್ನು ತೆಗೆದುಹಾಕುವ ಪ್ರಯತ್ನ ಇದು. ಆಲೆಮನೆಯ ಮುಂದೆ ನಿಂತ ವರ್ತಕನು ದುಬಾರಿ ಎ.ಎನ್.ಸಿ. ಸಾಧನ ಧರಿಸಿ ತನಗೆ ಎಲ್ಲವೂ ನಿಚ್ಚಳವಾಗಿ ಕೇಳುತ್ತಿದೆ ಎಂದು ನೆಮ್ಮದಿಯಿಂದ ಇರಬಹುದು. ಆ ಕಡೆಯ ಖರೀದಿದಾರನಿಗೆ ಗಾಣದ ಸದ್ದಲ್ಲದೆ ಬೇರೇನೂ ಕೇಳಿಸದಿರಬಹುದು. ಮಾತು ಎರಡೂ ಕಡೆ ಮುಟ್ಟಿದಾಗ ಮಾತ್ರ ವ್ಯಾಪಾರ ಕುದುರುತ್ತದೆ. ಆದ್ದರಿಂದ ಎರಡರಲ್ಲಿ ಒಂದನ್ನೇ ಆರಿಸಬೇಕಾದ ಬೆಲೆಯ ಮಿತಿ ಇದ್ದರೆ ವರ್ತಕರು ಮೊದಲು ನೋಡಬೇಕಾದದ್ದು ಮೈಕ್‌ನ ಗುಣವನ್ನು. ಇ.ಎನ್.ಸಿ. ಎಂದು ಅಚ್ಚು ಹಾಕಿರುವುದೆಲ್ಲ ಒಂದೇ ಗುಣಮಟ್ಟದ್ದಲ್ಲ ಎಂಬುದನ್ನೂ ಇಲ್ಲಿಯೇ ಹೇಳಬೇಕು. ಅಗ್ಗದ ಸಾಧನಗಳು ಗದ್ದಲದೊಡನೆ ಮಾತಿನ ಅಂಚುಗಳನ್ನೂ ಕತ್ತರಿಸಿಬಿಡುತ್ತವೆ.

ಮೈಕ್‌ನ ವಿಷಯದಲ್ಲಿ ಯಾವ ಚಮತ್ಕಾರಕ್ಕಿಂತಲೂ ಅಂತರವೇ ಹೆಚ್ಚು ಮುಖ್ಯವಾದುದು. ಬಾಯಿಗೂ ಮೈಕ್‌ಗೂ ಇರುವ ದೂರ ಅರ್ಧಕ್ಕೆ ಇಳಿದರೆ ಮಾತಿನ ಮಟ್ಟ ಸುಮಾರು 6 ಡೆಸಿಬೆಲ್ ಏರುತ್ತದೆ. ಸುತ್ತಲಿನ ಸದ್ದು ಇದ್ದಷ್ಟೇ ಇರುತ್ತದೆ. ಕಿವಿಯೊಳಗೆ ಕೂರುವ ಪುಟ್ಟ ಇಯರ್‌ಬಡ್‌ನ ಮೈಕ್ ಬಾಯಿಯಿಂದ ಸುಮಾರು 12 ಸೆಂಟಿಮೀಟರ್ ದೂರದಲ್ಲಿದೆ ಎಂದಿಟ್ಟುಕೊಳ್ಳೋಣ. ಕೆನ್ನೆಯುದ್ದಕ್ಕೂ ಕಡ್ಡಿಯಂತೆ ಚಾಚಿ 3 ಸೆಂಟಿಮೀಟರಿನಷ್ಟು ಹತ್ತಿರಕ್ಕೆ ಬರುವ ‘ಬೂಮ್’ ಮೈಕ್‌ನಲ್ಲಿ ಎರಡು ಬಾರಿ ಅರ್ಧವಾದಂತಾಗಿ 12 ಡೆಸಿಬೆಲ್‌ಗಳ ಲಾಭ ದೊರೆಯುತ್ತದೆ. ನೋಡಲು ಇದು ಅಂದವಲ್ಲ. ಕಾಲ್ ಸೆಂಟರಿನ ಸಿಬ್ಬಂದಿಯಂತೆ ಕಾಣುತ್ತದೆಂದು ಹಲವರು ಹಿಂಜರಿಯುತ್ತಾರೆ. ಆದರೂ ಗಿರಣಿ, ವರ್ಕ್‌ಷಾಪು, ಲಾರಿ ನಿಲ್ದಾಣಗಳಲ್ಲಿ ದಿನವಿಡೀ ಮಾತನಾಡುವವರಿಗೆ ಒಂದೇ ಕಿವಿಗೆ ಹಾಕುವ, ಬೂಮ್ ಮೈಕ್ ಉಳ್ಳ ಹೆಡ್‌ಸೆಟ್ಟೇ ಅತ್ಯುತ್ತಮ ಆಯ್ಕೆ ಎನ್ನಬೇಕಾಗುತ್ತದೆ.

ಒಂದು ಕಿವಿ ತೆರೆದಿರುವುದರಲ್ಲಿ ಇನ್ನೊಂದು ಪ್ರಯೋಜನವೂ ಇದೆ. ಹಿಂದೆ ಬರುತ್ತಿರುವ ಲಾರಿ, ಬಿದ್ದ ಬೆಲ್ಟು, ‘ನಿಲ್ಲಿ’ ಎಂಬ ಕೂಗು ಇವು ಕೇಳಲೇಬೇಕಾದ ಸದ್ದುಗಳು. ಎರಡೂ ಕಿವಿ ಮುಚ್ಚಿ ಎ.ಎನ್.ಸಿ. ಹಾಕಿಕೊಂಡು ಚಾಲನೆಯಲ್ಲಿರುವ ಯಂತ್ರದ ಬಳಿ ನಿಲ್ಲುವುದು ಅಪಾಯಕರ. ದ್ವಿಚಕ್ರ ವಾಹನ ನಡೆಸುವವರಿಗೂ ಈ ಮಾತು ಅನ್ವಯಿಸುತ್ತದೆ. ಬೆಂಗಳೂರು-ಮೈಸೂರು ದ್ರುತಪಥದಲ್ಲಿ 2023ರ ಆಗಸ್ಟ್ 1ರಿಂದ ದ್ವಿಚಕ್ರ ವಾಹನ, ಆಟೋ, ಟ್ರಾಕ್ಟರುಗಳನ್ನು ನಿಷೇಧಿಸಿದ ಮೇಲೆ ಇವೆಲ್ಲವೂ ಸೇವಾ ರಸ್ತೆಯಲ್ಲಿಯೇ ಸಾಗಬೇಕಾಗಿದೆ. ಕರೆ ಮುಖ್ಯವಾದುದಾದರೆ ವಾಹನವನ್ನು ಬದಿಗೆ ನಿಲ್ಲಿಸಿ ಮಾತನಾಡುವುದೇ ಸರಿ.

ಎ.ಎನ್.ಸಿ. ಹೆಡ್‌ಫೋನು ಕಾರ್ಮಿಕರ ಕಿವಿಯ ರಕ್ಷಣಾ ಸಾಧನವಲ್ಲ ಎಂಬುದನ್ನೂ ಸಣ್ಣ ಕೈಗಾರಿಕೋದ್ಯಮಿಗಳು ಮರೆಯಬಾರದು. ಅದಕ್ಕೆಂದೇ ಮಾನಕಕ್ಕೆ ಅನುಗುಣವಾಗಿ ತಯಾರಾದ ಇಯರ್ ಮಫ್ ಮತ್ತು ಇಯರ್ ಪ್ಲಗ್‌ಗಳು ಬೇರೆಯೇ ಇವೆ. ಗದ್ದಲವನ್ನು ಮೀರಿಸಲೆಂದು ಧ್ವನಿಯನ್ನು ಏರಿಸುತ್ತ ಹೋಗುವುದು ಇನ್ನೊಂದು ಅಪಾಯ. ವಿಶ್ವ ಆರೋಗ್ಯ ಸಂಸ್ಥೆಯ ಸೂಚನೆಯಂತೆ ವಯಸ್ಕರಿಗೆ 80 ಡೆಸಿಬೆಲ್ ಮಟ್ಟದ ಆಲಿಕೆ ವಾರಕ್ಕೆ 40 ಗಂಟೆಗಳನ್ನು ಮೀರಬಾರದು.

ಧೂಳು, ಬೆವರು, ಬ್ಯಾಟರಿ

ಅಕ್ಕಿ ಗಿರಣಿಯ ತೌಡು, ಹೊಟ್ಟಿನ ಧೂಳು ಮೈಕ್‌ನ ಸಣ್ಣ ರಂಧ್ರಕ್ಕೆ ಮೊದಲ ಶತ್ರು. ಪೆಟ್ಟಿಗೆಯ ಮೇಲೆ ‘ಐ.ಪಿ.’ ಎಂಬುದರ ಮುಂದೆ ಎರಡು ಸ್ಥಾನಗಳಿರುತ್ತವೆ. ಮೊದಲನೆಯದು ಧೂಳಿಗೆ, ಎರಡನೆಯದು ನೀರಿಗೆ ಸಂಬಂಧಿಸಿದ್ದು. ಮಾರುಕಟ್ಟೆಯಲ್ಲಿ ಹೆಚ್ಚಾಗಿ ಕಾಣುವ ‘ಐ.ಪಿ.ಎಕ್ಸ್.4’ ಎಂಬುದರ ಅರ್ಥ ನೀರಿನ ಸಿಂಪರಣೆಯನ್ನು ತಡೆಯುತ್ತದೆ, ಧೂಳಿನ ಬಗ್ಗೆ ಏನನ್ನೂ ಹೇಳಿಲ್ಲ ಎಂದು. ‘ಎಕ್ಸ್’ ಎಂಬುದನ್ನು ಹೆಗ್ಗಳಿಕೆಯ ಗುರುತೆಂದು ಭಾವಿಸುವವರು ಸಾಕಷ್ಟಿದ್ದಾರೆ. ಗಿರಣಿಯವರು ‘ಐ.ಪಿ.54’ ಅಥವಾ ‘ಐ.ಪಿ.55’ ಇರುವುದನ್ನು ಕೇಳಿ ಕೊಳ್ಳುವುದು ಒಳ್ಳೆಯದು.

ಬ್ಯಾಟರಿಯ ಗಂಟೆಗಳಲ್ಲಿಯೂ ಇಂತಹ ಮರೆಮಾತು ಇದೆ. ಇಯರ್‌ಬಡ್‌ಗಳ ಪೆಟ್ಟಿಗೆಯ ಮೇಲಿನ ದೊಡ್ಡ ಸಂಖ್ಯೆಯು ಸಾಮಾನ್ಯವಾಗಿ ಚಾರ್ಜಿಂಗ್ ಡಬ್ಬಿಯ ಶಕ್ತಿಯನ್ನೂ ಸೇರಿಸಿ, ಹಾಡು ಕೇಳುವ ಲೆಕ್ಕದಲ್ಲಿ ಹೇಳಿದ್ದು. ಮಾತಿನ ಅವಧಿ, ಅಂದರೆ ‘ಟಾಕ್ ಟೈಮ್’, ಅದಕ್ಕಿಂತ ಬಹಳ ಕಡಿಮೆ. ಇಯರ್‌ಬಡ್‌ನ ಒಳಗಿನ ಪುಟ್ಟ ಲಿಥಿಯಂ ಕೋಶವು ಕೆಲವು ನೂರು ಬಾರಿ ಚಾರ್ಜ್ ಆದ ಮೇಲೆ ಕುಗ್ಗತೊಡಗುತ್ತದೆ. ಅದನ್ನು ಬದಲಿಸುವ ಅನುಕೂಲ ಬಹುತೇಕ ಮಾದರಿಗಳಲ್ಲಿ ಇಲ್ಲ. ಕತ್ತಿನ ಸುತ್ತ ಕೂರುವ ನೆಕ್‌ಬ್ಯಾಂಡ್‌ನಲ್ಲಿ ಬ್ಯಾಟರಿ ದೊಡ್ಡದು, ಕಳೆದುಹೋಗುವ ಭಯವೂ ಕಡಿಮೆ. ಎಳನೀರಿನ ರಾಶಿಯಲ್ಲಿ ಬಿದ್ದ ಒಂದು ಇಯರ್‌ಬಡ್‌ನ್ನು ಹುಡುಕುವ ಕಷ್ಟ ಅನುಭವಿಸಿದವರಿಗೇ ಗೊತ್ತು. ತಲೆಯ ಮೇಲೆ ಕೂರುವ ದೊಡ್ಡ ಹೆಡ್‌ಫೋನು ಕಚೇರಿಯೊಳಗೆ ಸರಿ, ಬೇಸಿಗೆಯ ಅಂಗಳದಲ್ಲಿ ಬೆವರಿನ ಕಾಟ.

ಅಂಗಡಿಯ ಫೋನು, ಸ್ವಂತ ಫೋನು ಎಂದು ಎರಡನ್ನು ಇಟ್ಟುಕೊಂಡವರು ‘ಮಲ್ಟಿಪಾಯಿಂಟ್’ ಸೌಲಭ್ಯವನ್ನು ವಿಚಾರಿಸಬೇಕು. ಎರಡು ಫೋನುಗಳ ನೆನಪಿಟ್ಟುಕೊಂಡು ಒಮ್ಮೆಗೆ ಒಂದಕ್ಕೆ ಮಾತ್ರ ಜೋಡಣೆಯಾಗುವ ಸಾಧನಗಳೂ ಇವೆ. ಎರಡಕ್ಕೂ ಏಕಕಾಲದಲ್ಲಿ ಜೋಡಣೆಯಾಗುವುದೇ ಎಂದು ಅಂಗಡಿಯಲ್ಲಿಯೇ ನೋಡಿಕೊಳ್ಳುವುದು ಕ್ಷೇಮ.

ಈ ಎಲ್ಲ ವಿವರಗಳಿಗಿಂತಲೂ ಹೆಚ್ಚು ನಂಬಬಹುದಾದದ್ದು ಒಂದು ಸರಳ ಪರೀಕ್ಷೆ. ಸಾಧನವನ್ನು ಧರಿಸಿ, ನಿತ್ಯ ಮಾತನಾಡುವ ಸ್ಥಳದಲ್ಲಿಯೇ, ಯಂತ್ರ ಓಡುತ್ತಿರುವಾಗ ನಿಂತು, ಬೇರೆ ಊರಿನಲ್ಲಿರುವ ಪರಿಚಿತರಿಗೆ ಕರೆ ಮಾಡಿ ಹತ್ತು ಸಂಖ್ಯೆಗಳನ್ನು ಸಹಜ ಧ್ವನಿಯಲ್ಲಿ ಓದಿ ಹೇಳಬೇಕು. ಎಪ್ಪತ್ತೆಂಟು, ಎಂಬತ್ತೇಳು, ಹದಿನಾರೂವರೆ ಮೊದಲಾದವು ಅದರಲ್ಲಿರಲಿ. ಅವರು ಬರೆದುಕೊಂಡು ತಿರುಗಿ ಓದಲಿ. ಬಳಿಕ ಅವರು ಹೇಳಿದ ಹತ್ತನ್ನು ಇವರು ಬರೆದುಕೊಳ್ಳಲಿ. ಇದನ್ನೇ ಬರಿಯ ಫೋನಿನಲ್ಲಿ ಇನ್ನೊಮ್ಮೆ ಮಾಡಿದರೆ ಹಣ ಕೊಟ್ಟದ್ದಕ್ಕೆ ಎಷ್ಟು ಲಾಭವಾಯಿತೆಂಬುದು ಕಾಗದದ ಮೇಲೆಯೇ ಕಾಣುತ್ತದೆ. ಕೊಳ್ಳುವ ಮುನ್ನ ಹೀಗೆ ಪರೀಕ್ಷಿಸಲು ಅಂಗಡಿಯವರು ಒಪ್ಪದಿದ್ದರೆ, ಹಿಂತಿರುಗಿಸುವ ಅವಧಿ ಎಷ್ಟೆಂದು ಬಿಲ್ಲಿನಲ್ಲಿ ಬರೆಸಿಕೊಳ್ಳಬೇಕು.

ಬಿಲ್ಲು, ಮುದ್ರೆ, ತೆರಿಗೆ

ತಂತಿರಹಿತ ಹೆಡ್‌ಫೋನು ಮತ್ತು ಇಯರ್‌ಫೋನುಗಳು 2020ರಲ್ಲಿ ಹೊರಟ ಕೇಂದ್ರ ಸರ್ಕಾರದ ಅಧಿಸೂಚನೆಯ ಮೂಲಕ ಭಾರತೀಯ ಮಾನಕ ಬ್ಯೂರೊದ ಕಡ್ಡಾಯ ನೋಂದಣಿಯ ಪಟ್ಟಿಗೆ ಸೇರಿವೆ. ಸಾಧನದ ಮೇಲೆ ಅಥವಾ ಪೆಟ್ಟಿಗೆಯ ಮೇಲೆ ‘ಆರ್’ ಅಕ್ಷರದಿಂದ ಆರಂಭವಾಗುವ ನೋಂದಣಿ ಸಂಖ್ಯೆ ಇರಬೇಕು. ಬ್ಯೂರೊದ ‘ಬಿ.ಐ.ಎಸ್. ಕೇರ್’ ಎಂಬ ಮೊಬೈಲ್ ಆ್ಯಪ್‌ನಲ್ಲಿ ಆ ಸಂಖ್ಯೆಯನ್ನು ನಮೂದಿಸಿದರೆ ತಯಾರಕರ ವಿವರ ತಿಳಿಯುತ್ತದೆ. ಈ ಮುದ್ರೆ ಸುರಕ್ಷತೆಗೆ ಸಂಬಂಧಿಸಿದ್ದೇ ಹೊರತು ಧ್ವನಿಯ ಗುಣಮಟ್ಟಕ್ಕೆ ಪ್ರಮಾಣಪತ್ರವಲ್ಲ. ಹಾಗಿದ್ದರೂ ಲಿಥಿಯಂ ಬ್ಯಾಟರಿಯನ್ನು ಕಿವಿಯ ಪಕ್ಕದಲ್ಲಿಯೇ ಇಟ್ಟುಕೊಳ್ಳುವಾಗ ಇದನ್ನು ಕಡೆಗಣಿಸುವುದು ಜಾಣತನವಲ್ಲ. ಜಾತ್ರೆಯ ಅಂಗಡಿಗಳಲ್ಲಿ ಹೆಸರಾಂತ ಮುದ್ರೆಯ ನಕಲುಗಳು ನಾಲ್ಕನೆಯ ಒಂದು ಬೆಲೆಗೆ ಸಿಗುವುದರ ಗುಟ್ಟು ಬಹುಮಟ್ಟಿಗೆ ಇಲ್ಲಿಯೇ ಇದೆ.

ಹೆಡ್‌ಫೋನಿನ ಮೇಲಿನ ಜಿ.ಎಸ್.ಟಿ. ಶೇಕಡಾ 18. ವ್ಯವಹಾರದ ಉಪಯೋಗಕ್ಕಾಗಿ ತಮ್ಮ ಜಿ.ಎಸ್.ಟಿ. ಸಂಖ್ಯೆ ನಮೂದಿಸಿದ ಬಿಲ್ಲು ಪಡೆದು ಕೊಂಡಲ್ಲಿ, ತೆರಿಗೆಗೆ ಒಳಪಡುವ ಸರಕಿನ ನೋಂದಾಯಿತ ವರ್ತಕರು ನಿಯಮಾನುಸಾರ ಹೂಡುವಳಿ ತೆರಿಗೆ ಜಮೆಯನ್ನು ಪಡೆಯಬಹುದು. ರಾಜಿ ತೆರಿಗೆ ಪದ್ಧತಿಯಲ್ಲಿರುವವರಿಗೆ ಈ ಅನುಕೂಲವಿಲ್ಲ. ಆಯುಧಪೂಜೆ, ದೀಪಾವಳಿಗಳಂದು ಗಿರಾಕಿಗಳಿಗೆ ಉಡುಗೊರೆಯಾಗಿ ಕೊಡಲು ಇಯರ್‌ಬಡ್‌ಗಳನ್ನು ಸಗಟಾಗಿ ತರಿಸುವ ಪದ್ಧತಿ ಈಚೆಗೆ ಬೆಳೆದಿದೆ. ಉಡುಗೊರೆಯಾಗಿ ಕೊಟ್ಟ ಸರಕಿನ ಮೇಲಿನ ಜಮೆಯನ್ನು ಕಾಯಿದೆಯ 17(5)ನೆಯ ಪ್ರಕರಣವು ತಡೆಯುತ್ತದೆ ಎಂಬುದನ್ನು ಲೆಕ್ಕಪತ್ರ ಬರೆಯುವವರ ಗಮನಕ್ಕೆ ತರಬೇಕು.

ವಾರಂಟಿಯ ವಿಷಯದಲ್ಲಿ ಒಂದು ಎಚ್ಚರಿಕೆ ಅಗತ್ಯ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯು ವಾಣಿಜ್ಯ ಉದ್ದೇಶಕ್ಕಾಗಿ ಸರಕು ಕೊಂಡವರನ್ನು ‘ಗ್ರಾಹಕ’ ಎಂಬ ವ್ಯಾಖ್ಯೆಯಿಂದ ಹೊರಗಿಡುತ್ತದೆ. ಸ್ವಯಂ ಉದ್ಯೋಗದಿಂದ ಜೀವನ ನಡೆಸಲೆಂದೇ ಕೊಂಡು ಬಳಸುವವರಿಗೆ ವಿನಾಯಿತಿ ಇದೆ. ಸಂಸ್ಥೆಯ ಹೆಸರಿನಲ್ಲಿ ಇಪ್ಪತ್ತು-ಮೂವತ್ತು ಹೆಡ್‌ಸೆಟ್‌ಗಳನ್ನು ಒಟ್ಟಿಗೆ ಕೊಳ್ಳುವವರು ವಾರಂಟಿಯ ಷರತ್ತುಗಳನ್ನು ಖರೀದಿಯ ಆದೇಶದಲ್ಲಿಯೇ ಸ್ಪಷ್ಟವಾಗಿ ಬರೆಸಿಕೊಳ್ಳುವುದು ಮೇಲು. ಆತಗೂರಿನಂತಹ ಹೋಬಳಿ ಕೇಂದ್ರದಲ್ಲಿ ಅಧಿಕೃತ ಸೇವಾ ಕೇಂದ್ರವನ್ನು ನಿರೀಕ್ಷಿಸುವಂತಿಲ್ಲ. ಕೆಟ್ಟ ಸಾಧನವನ್ನು ಮಂಡ್ಯ, ಮೈಸೂರು ಅಥವಾ ಬೆಂಗಳೂರಿಗೆ ಹೊತ್ತೊಯ್ಯಬೇಕೇ, ಅಂಗಡಿಯಲ್ಲಿಯೇ ಬದಲಿಸಿ ಕೊಡುವರೇ ಎಂಬುದನ್ನು ಹಣ ಎಣಿಸುವ ಮೊದಲು ಕೇಳಬೇಕು. ಜೊತೆಗೆ ಕಿವಿಯ ರಬ್ಬರ್ ತುದಿಗಳ ಒಂದು ಬಿಡಿ ಸೆಟ್ಟನ್ನು ಅಂದೇ ಕೊಂಡಿಟ್ಟುಕೊಂಡರೆ ಅನುಕೂಲ. ಅವು ಮೊದಲು ಸವೆಯುವ ಭಾಗ, ಆಮೇಲೆ ಅದೇ ಅಳತೆಯವು ಸಿಗುವುದು ದುರ್ಲಭ.