ತಪ್ಪು ಉತ್ತರಕ್ಕೂ ಒಂದು ಲಾಜಿಕ್ ಇದೆ

ಟಿಇಟಿ ಬರೆಯುವವರಿಗೆಲ್ಲ ಈ ಲೆಕ್ಕ ಗೊತ್ತು. ಒಟ್ಟು 150 ಅಂಕ. ಅದರಲ್ಲಿ 30 ಅಂಕ ಶಿಶು ವಿಕಸನ ಮತ್ತು ಬೋಧನಾಶಾಸ್ತ್ರಕ್ಕೆ. ಆ 30 ಅಂಕವನ್ನು ಯಾರೂ ಬಿಡುವುದಿಲ್ಲ. ‘0–2, 2–7, 7–11, ಆಮೇಲೆ 11ರ ಮೇಲೆ’ ಎಂದು ಪಿಯಾಜೆಯ ನಾಲ್ಕು ಹಂತಗಳನ್ನು ಮಗ್ಗಿಯ ಹಾಗೆ ಉರು ಹೊಡೆಯುತ್ತಾರೆ. ನಾವು ಇಂಟರ್ನಲ್ಸ್‌ಗೆ ಫಾರ್ಮುಲಾ ಉರು ಹೊಡೆಯುತ್ತೇವಲ್ಲ, ಥೇಟ್ ಹಾಗೆ.

ನಾನು ಓದುತ್ತಿರುವುದು ಬಿ.ಇ., ಕಂಪ್ಯೂಟರ್ ಸೈನ್ಸ್. ನನಗೂ ಪಿಯಾಜೆಗೂ ಎಲ್ಲಿಯ ನಂಟು ಅಂತೀರಾ? ಪಿಜಿಯಲ್ಲಿ ನನ್ನ ರೂಮ್‌ಮೇಟ್ ಬಿ.ಇಡಿ ಮಾಡುತ್ತಿದ್ದಾಳೆ. ರಾತ್ರಿ ಊಟವಾದ ಮೇಲೆ ಪುಸ್ತಕ ಹಿಡಿದು ಪ್ರಶ್ನೆ ಕೇಳುವುದು ನನ್ನ ಕೆಲಸ, ಉತ್ತರ ಹೇಳುವುದು ಅವಳದು. ಕೇಳುತ್ತಾ ಕೇಳುತ್ತಾ ಪುಸ್ತಕವನ್ನು ನಾನೇ ಓದತೊಡಗಿದೆ. ಅದಕ್ಕೆ ಮನೆಯ ಕಾರಣವೂ ಒಂದಿತ್ತು. ತುಮಕೂರಿನಲ್ಲಿರುವ ನನ್ನ ಚಿಕ್ಕಪ್ಪನ ಮಗಳಿಗೆ ಆರು ವರ್ಷ, ಒಂದನೇ ಕ್ಲಾಸು. ಅವಳ ಡೈರಿಯಲ್ಲಿ ಶಾಲೆಯವರು ‘ಸ್ಲೋ ಲರ್ನರ್’ ಎಂದು ಬರೆದು ಕಳಿಸಿದ್ದರು. ಚಿಕ್ಕಮ್ಮ ಫೋನಿನಲ್ಲಿ ಅತ್ತೇಬಿಟ್ಟರು. ಅದಕ್ಕಿಂತ ಸಂಕಟವಾಗಿದ್ದು, ‘ನಾನು ದಡ್ಡಿ’ ಎಂದು ಆ ಮಗುವೇ ಹೇಳಿಕೊಳ್ಳಲು ಶುರು ಮಾಡಿದ್ದು.

ಪುಸ್ತಕದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಪಿಯಾಜೆಯ ಹಂತಗಳಲ್ಲ, ಅವರು ಈ ಕ್ಷೇತ್ರಕ್ಕೆ ಬಂದ ಬಗೆ. 1896ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಹುಟ್ಟಿದ ಪಿಯಾಜೆ ಡಾಕ್ಟರೇಟ್ ಪಡೆದದ್ದು ಬಸವನಹುಳುಗಳ ಗುಂಪಿಗೆ ಸೇರಿದ ಮೃದ್ವಂಗಿಗಳ ಮೇಲೆ! 1920ರ ಆಸುಪಾಸಿನಲ್ಲಿ ಪ್ಯಾರಿಸ್‌ಗೆ ಹೋದಾಗ ಅವರಿಗೆ ಸಿಕ್ಕಿದ್ದು ಮಕ್ಕಳಿಗೆ ಬುದ್ಧಿಮತ್ತೆ ಪರೀಕ್ಷೆ ನಡೆಸುವ ಕೆಲಸ. ಸರಿ ಉತ್ತರಗಳನ್ನು ಎಣಿಸಿ ಅಂಕ ಕೊಟ್ಟರೆ ಕೆಲಸ ಮುಗಿಯುತ್ತಿತ್ತು. ಅವರು ಮಾತ್ರ ತಪ್ಪು ಉತ್ತರಗಳನ್ನು ನೋಡುತ್ತಾ ಕೂತರು. ಒಂದೇ ವಯಸ್ಸಿನ ಮಕ್ಕಳು ಒಂದೇ ಥರದ ತಪ್ಪು ಮಾಡುತ್ತಿದ್ದರು. ಅಂದರೆ ಅದು ಬಾಯಿಗೆ ಬಂದದ್ದು ಹೇಳುವುದಲ್ಲ, ಅದರ ಹಿಂದೆ ಆ ವಯಸ್ಸಿನದ್ದೇ ಆದ ಯೋಚನೆಯ ಕ್ರಮವಿದೆ ಎಂದು ಅವರಿಗೆ ಹೊಳೆಯಿತು. ಮಕ್ಕಳ ಮನಸ್ಸಿನ ಬಗ್ಗೆ ಅವರು ಮುಂದೆ ಮಾಡಿದ ಕೆಲಸಕ್ಕೆಲ್ಲ ಇದೇ ಬುನಾದಿ.

ದಸರಾ ರಜೆಗೆ ತುಮಕೂರಿಗೆ ಹೋದಾಗ ಅವರ ಹೆಸರಾಂತ ಪ್ರಯೋಗವನ್ನು ಮಾಡಿ ನೋಡಿದೆ. ಒಂದೇ ಅಳತೆಯ ಎರಡು ಗಾಜಿನ ಲೋಟಕ್ಕೆ ಸಮನಾಗಿ ಮಜ್ಜಿಗೆ ಹಾಕಿದೆ. ಎರಡರಲ್ಲೂ ಒಂದೇ ಸಮ ಇದೆ ಎಂದು ತಂಗಿ ಒಪ್ಪಿಕೊಂಡಳು. ಆಮೇಲೆ ಒಂದು ಲೋಟದ ಮಜ್ಜಿಗೆಯನ್ನು ಅವಳ ಕಣ್ಣೆದುರೇ ಉದ್ದನೆಯ, ಸಪೂರ ಲೋಟಕ್ಕೆ ಸುರಿದೆ. ‘ಈಗ ಯಾವುದರಲ್ಲಿ ಜಾಸ್ತಿ ಇದೆ?’

‘ಇದರಲ್ಲಿ. ನೋಡಕ್ಕಾ, ಎಷ್ಟು ಮೇಲಕ್ಕೆ ಬಂದಿದೆ!’

ಪಕ್ಕದಲ್ಲಿದ್ದ ಅವಳ ಅಣ್ಣ, ಆರನೇ ಕ್ಲಾಸಿನವನು, ಬಿದ್ದು ಬಿದ್ದು ನಕ್ಕ. ‘ಏನೂ ಸೇರಿಸಿಲ್ಲ, ಏನೂ ತೆಗೆದಿಲ್ಲ. ಅದು ಹೇಗೆ ಜಾಸ್ತಿ ಆಗುತ್ತೆ?’ ಅವನಿಗೆ ಇದು ಪ್ರಶ್ನೆಯೇ ಅಲ್ಲ. ತಂಗಿಯ ಉತ್ತರಕ್ಕೂ ಕಾರಣವಿತ್ತು. ಒಂದೇ ಥರದ ಲೋಟಗಳಾದರೆ ಎತ್ತರ ಹೆಚ್ಚಿದ್ದದ್ದರಲ್ಲೇ ಮಜ್ಜಿಗೆ ಹೆಚ್ಚು. ಅವಳು ಎತ್ತರವನ್ನು ಲೆಕ್ಕಕ್ಕೆ ತೆಗೆದುಕೊಂಡಿದ್ದಳು. ಎತ್ತರ, ಅಗಲ ಎರಡನ್ನೂ ಒಟ್ಟಿಗೆ ತಲೆಯಲ್ಲಿ ಇಟ್ಟುಕೊಳ್ಳುವುದು ಇನ್ನೂ ಬಂದಿರಲಿಲ್ಲ, ಅಷ್ಟೇ.

ಆಮೇಲೆ ಅವಳ ಗಣಿತದ ನೋಟ್‌ಬುಕ್ ತೆರೆದೆ. 12ರಲ್ಲಿ 5 ಕಳೆದರೆ 13 ಎಂದು ಬರೆದಿದ್ದಳು. ಮೇಲೊಂದು ಕೆಂಪು ಇಂಕಿನ ಗೆರೆ. ‘ಇದು ಹೇಗೆ ಬಂತು, ಹೇಳು?’ ಎಂದೆ. ‘2ರಲ್ಲಿ 5 ಹೋಗಲ್ಲ. ಅದಕ್ಕೆ 5ರಲ್ಲಿ 2 ತೆಗೆದೆ, 3 ಬಂತು. 1ನ್ನು ಕೆಳಗೆ ಇಳಿಸಿದೆ.’ ಅದೇ ಮಗುವಿನ ಮುಂದೆ 12 ಹುಣಸೆ ಬೀಜ ಇಟ್ಟು 5 ತೆಗೆಯಲು ಹೇಳಿದೆ. ಎಣಿಸಿ ‘7’ ಎಂದಳು, ತಡವರಿಸಲೇ ಇಲ್ಲ. ಕಳೆಯುವುದು ಅವಳಿಗೆ ಗೊತ್ತಿತ್ತು. ಹಾಳೆಯ ಮೇಲಿನ ಅಂಕಿಗೂ ಕೈಯಲ್ಲಿನ ಬೀಜಕ್ಕೂ ನಂಟು ಕೂಡಿರಲಿಲ್ಲ.

ನಮ್ಮ ಭಾಷೆಯಲ್ಲಿ ಹೇಳುವುದಾದರೆ ಇದು ಬಗ್. ಪ್ರೋಗ್ರಾಂ ತಪ್ಪು ಔಟ್‌ಪುಟ್ ಕೊಟ್ಟರೆ ನಾವು ಕಂಪ್ಯೂಟರಿಗೆ ‘ದಡ್ಡ’ ಎಂದು ಬೈಯುವುದಿಲ್ಲ, ಯಾವ ಸಾಲಿನಲ್ಲಿ ಎಡವಿದೆ ಎಂದು ಹುಡುಕುತ್ತೇವೆ. ಇದು ನನ್ನ ಸ್ವಂತ ಹೋಲಿಕೆ ಎಂದುಕೊಂಡಿದ್ದೆ. ಹುಡುಕಿದರೆ 1978ರಲ್ಲೇ ಅಮೆರಿಕದ ಜಾನ್ ಸೀಲಿ ಬ್ರೌನ್ ಮತ್ತು ರಿಚರ್ಡ್ ಬರ್ಟನ್ ಇದೇ ವಿಷಯದ ಮೇಲೆ ಬರೆದಿದ್ದರು. ಅವರು ‘ಬಗ್ಗಿ’ ಎಂಬ ಕಂಪ್ಯೂಟರ್ ಆಟವನ್ನೂ ಮಾಡಿದ್ದರು. ಅದರಲ್ಲಿ ಕಂಪ್ಯೂಟರ್ ಒಬ್ಬ ವಿದ್ಯಾರ್ಥಿಯಂತೆ ತಪ್ಪು ಲೆಕ್ಕ ಮಾಡುತ್ತದೆ, ಶಿಕ್ಷಕರಾಗುವವರು ಆ ತಪ್ಪಿನ ನಿಯಮವನ್ನು ಪತ್ತೆ ಹಚ್ಚಬೇಕು. ದೊಡ್ಡ ಅಂಕಿಯಿಂದ ಚಿಕ್ಕ ಅಂಕಿ ಕಳೆಯುವ ನನ್ನ ತಂಗಿಯ ತಪ್ಪೂ ಅವರು ವಿವರಿಸಿದ ಬಗ್‌ಗಳಲ್ಲಿ ಒಂದು!

ಬುದ್ಧಿಯ ಮಾತು ಹೀಗಾದರೆ, ಒಳ್ಳೆಯದು–ಕೆಟ್ಟದ್ದರ ತಿಳಿವಳಿಕೆಯೂ ಹೀಗೆಯೇ ಬೆಳೆಯುತ್ತದೆ. 1932ರಲ್ಲಿ ಪಿಯಾಜೆ ಮಕ್ಕಳ ನೈತಿಕ ತೀರ್ಮಾನಗಳ ಬಗ್ಗೆಯೇ ಒಂದು ಪುಸ್ತಕ ತಂದರು. ಗೋಲಿ ಆಡುವ ಮಕ್ಕಳ ಜೊತೆ ಕೂತು ‘ಆಟದ ನಿಯಮ ಮಾಡಿದವರು ಯಾರು, ಅದನ್ನು ಬದಲಾಯಿಸಬಹುದಾ’ ಎಂದು ಕೇಳಿದ್ದರು. ಅದರಲ್ಲಿ ಒಂದು ಕತೆಯೂ ಇದೆ. ಒಬ್ಬ ಹುಡುಗ ಗೊತ್ತಿಲ್ಲದೆ ಬಾಗಿಲು ತಳ್ಳಿದಾಗ ಹಿಂದಿದ್ದ 15 ಕಪ್ ಒಡೆದವು. ಇನ್ನೊಬ್ಬ ಅಮ್ಮ ಇಲ್ಲದಾಗ ಕದ್ದು ಜಾಮ್ ತೆಗೆಯಲು ಹೋಗಿ 1 ಕಪ್ ಒಡೆದ. ಯಾರದು ದೊಡ್ಡ ತಪ್ಪು? ‘15 ಒಡೆದವನದು’ ಎಂದಳು ತಂಗಿ. ‘ಕದಿಯೋಕೆ ಹೋದವನದು’ ಎಂದ ಅಣ್ಣ. ಚಿಕ್ಕ ಮಕ್ಕಳು ಆದ ನಷ್ಟ ನೋಡುತ್ತಾರೆ, ದೊಡ್ಡವರಾದಂತೆ ಉದ್ದೇಶ ನೋಡುತ್ತಾರೆ ಎಂಬುದು ಪಿಯಾಜೆ ಕಂಡುಕೊಂಡ ವಿಷಯ.

ಕೋಹ್ಲ್‌ಬರ್ಗ್ ಇದನ್ನು ಮುಂದುವರಿಸಿ 3 ಮಟ್ಟ, 6 ಹಂತ ಹೇಳಿದರು. ಮೊದಲ ಹಂತದಲ್ಲಿ ‘ಏಟು ಬೀಳುತ್ತೆ’ ಎಂಬುದೇ ತಪ್ಪು ಮಾಡದಿರಲು ಕಾರಣ. ಇದನ್ನು ಓದುವಾಗ ನನಗೆ ನಮ್ಮ ಎಕ್ಸಾಂ ಹಾಲ್ ನೆನಪಾಯಿತು. ಇನ್ವಿಜಿಲೇಟರ್ ಎರಡು ನಿಮಿಷ ಹೊರಗೆ ಹೋದರೆ ಸಾಕು, ಕತ್ತುಗಳು ಅತ್ತಿತ್ತ ವಾಲುತ್ತವೆ. 20 ವರ್ಷ ದಾಟಿದರೂ ನಮ್ಮಲ್ಲಿ ಎಷ್ಟೋ ಮಂದಿ ಆ ಮೊದಲ ಹಂತದಲ್ಲೇ ಇದ್ದೇವಾ? ಚಿಕ್ಕಂದಿನಲ್ಲಿ ಕೋಲಿನ ಭಯವೊಂದನ್ನೇ ಕಲಿಸಿದರೆ ಕೋಲು ಇಲ್ಲದ ಕಡೆ ಏನು ಮಾಡಬೇಕೆಂದು ಮಗುವಿಗೆ ಗೊತ್ತಾಗುವುದು ಹೇಗೆ? 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಮಕ್ಕಳಿಗೆ ಹೊಡೆಯುವುದನ್ನಷ್ಟೇ ಅಲ್ಲ, ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಕ್ಲಾಸಿನ ಎದುರು ‘ದಡ್ಡ’ ಎನ್ನುವುದನ್ನು ಯಾವುದಕ್ಕೆ ಸೇರಿಸಬೇಕು, ನೀವೇ ಹೇಳಿ.

ಇನ್ನು ಜೊತೆಗಾರರ ಪಾತ್ರ. ಪಿಯಾಜೆ ಹುಟ್ಟಿದ ವರ್ಷವೇ ಹುಟ್ಟಿ, 37ನೇ ವಯಸ್ಸಿಗೇ ಕ್ಷಯದಿಂದ ತೀರಿಕೊಂಡ ರಷ್ಯಾದ ವೈಗೋಟ್ಸ್ಕಿ ಇದಕ್ಕೆ ಒತ್ತು ಕೊಟ್ಟರು. ಮಗು ಒಂಟಿಯಾಗಿ ಮಾಡಬಲ್ಲದ್ದು ಒಂದಿಷ್ಟು, ಬಲ್ಲವರು ಸ್ವಲ್ಪ ಕೈಹಿಡಿದರೆ ಮಾಡಬಲ್ಲದ್ದು ಇನ್ನಷ್ಟು. ಕಲಿಕೆ ನಡೆಯುವುದು ಆ ಎರಡರ ನಡುವಿನ ಜಾಗದಲ್ಲಿ. ಬೀದಿಯಲ್ಲಿ ಲಗೋರಿ ಆಡುವಾಗ ಚಿಕ್ಕವರು ದೊಡ್ಡವರನ್ನು ನೋಡಿ ಕಲಿಯುತ್ತಾರಲ್ಲ, ಹಾಗೆ. 1995ರಲ್ಲಿ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ ಶುರುವಾದ ‘ನಲಿ–ಕಲಿ’ಯಲ್ಲೂ ಬೇರೆ ಬೇರೆ ತರಗತಿಯ ಮಕ್ಕಳು ಗುಂಪಿನಲ್ಲಿ ಕೂತು, ಕಾರ್ಡ್ ಹಿಡಿದು, ತಮ್ಮ ತಮ್ಮ ವೇಗದಲ್ಲಿ ಕಲಿಯುತ್ತಾರೆ. ಅಲ್ಲಿ ಪಕ್ಕದವನನ್ನು ಕೇಳುವುದು ಕಾಪಿ ಅಲ್ಲ.

ಹಾಗಂತ ಹಂತಗಳನ್ನೇ ಹಣೆಪಟ್ಟಿ ಮಾಡಿಕೊಳ್ಳಬಾರದು. ‘ಇವಳಿನ್ನೂ ಆ ಹಂತಕ್ಕೆ ಬಂದಿಲ್ಲ’ ಎಂದು ಕೈತೊಳೆದುಕೊಂಡರೆ ಅದೂ ‘ದಡ್ಡಿ’ ಎಂದಂತೆಯೇ. 1974ರಲ್ಲಿ ಮೆಕ್‌ಗ್ಯಾರಿಗಲ್ ಮತ್ತು ಮಾರ್ಗರೆಟ್ ಡೊನಾಲ್ಡ್‌ಸನ್ ಪಿಯಾಜೆಯದೇ ಇನ್ನೊಂದು ಪ್ರಯೋಗವನ್ನು ಸ್ವಲ್ಪ ಬದಲಿಸಿದರು. ಬಿಲ್ಲೆಗಳ ಎರಡು ಸಮ ಸಾಲುಗಳಲ್ಲಿ ಒಂದನ್ನು ದೊಡ್ಡವರು ಉದ್ದೇಶಪೂರ್ವಕವಾಗಿ ಎಳೆದು ಉದ್ದ ಮಾಡುವ ಬದಲು, ತುಂಟ ಟೆಡ್ಡಿ ಗೊಂಬೆಯೊಂದು ಬಂದು ಚೆಲ್ಲಾಪಿಲ್ಲಿ ಮಾಡಿತು. ಅಷ್ಟಕ್ಕೇ ಎಷ್ಟೋ ಹೆಚ್ಚು ಮಕ್ಕಳು ‘ಎರಡೂ ಸಮ’ ಎಂದರು. ನಾವು ಕೇಳುವ ರೀತಿಯಿಂದಲೂ ಮಗು ‘ದಡ್ಡ’ ಆಗಬಹುದು ಎಂದಾಯಿತು.

ಚಿಕ್ಕಮ್ಮ ನೋಟ್‌ಬುಕ್ ಹಿಡಿದು ಮಿಸ್‌ನ ಕಂಡು ಬಂದರು. ಅವರ ಕ್ಲಾಸಿನಲ್ಲಿ 42 ಮಕ್ಕಳು, ಒಬ್ಬೊಬ್ಬರನ್ನೂ ಕೇಳುತ್ತಾ ಕೂರಲು ಪುರುಸೊತ್ತೆಲ್ಲಿ? ಅವರ ಕಷ್ಟವೂ ನಿಜವೇ. ಆದರೂ ಬೀಜದ ಡಬ್ಬಿ ತರಲು ಒಪ್ಪಿದ್ದಾರೆ. ಕಳೆಯುವ ಲೆಕ್ಕ ಈಗ ಅರ್ಧಕ್ಕರ್ಧ ಸರಿ ಬರುತ್ತಿದೆ. ‘ನಾನು ದಡ್ಡಿ’ ಎನ್ನುವುದು ಮಾತ್ರ ಇನ್ನೂ ಪೂರ್ತಿ ಹೋಗಿಲ್ಲ. ಅದನ್ನು ಬರೆಯಲು ಒಂದು ಸಾಲು ಸಾಕಾಯಿತು, ಅಳಿಸಲು ತಿಂಗಳುಗಳೇ ಬೇಕೇನೋ.

ಬಿ.ಇಡಿ, ಡಿ.ಇಎಲ್.ಇಡಿ ಓದುತ್ತಿರುವ ಗೆಳೆಯ ಗೆಳತಿಯರೇ, ಟಿಇಟಿಗೆ ಹಂತಗಳನ್ನು ಖಂಡಿತ ಉರು ಹೊಡೆಯಿರಿ, ಅಂಕ ಬೇಕಲ್ಲ! ಜೊತೆಗೆ ಈ ವಾರ ಮನೆಯ, ಅಕ್ಕಪಕ್ಕದ ಒಂದು ಮಗುವಿನ ಜೊತೆ ಎರಡು ಲೋಟ ಇಟ್ಟುಕೊಂಡು ಕೂರಿ. ಉತ್ತರ ತಪ್ಪಾದರೆ ತಿದ್ದುವ ಮುಂಚೆ ‘ಇದು ಹೇಗೆ ಬಂತು, ಹೇಳು?’ ಎಂದು ಕೇಳಿ ನೋಡಿ. ನಾಳೆ ನಿಮ್ಮ ಕ್ಲಾಸಿನಲ್ಲೂ 42 ಮಕ್ಕಳಿರಬಹುದು. ದಿನಕ್ಕೆ ಇಬ್ಬರನ್ನು ಹೀಗೆ ಕೇಳಿದರೂ ಒಂದು ತಿಂಗಳೊಳಗೆ ಎಲ್ಲರ ಸರದಿ ಮುಗಿಯುತ್ತದೆ.