ಪರದೇಶದ ಯುದ್ಧ, ಮತದಾರನ ಲೆಕ್ಕ

2003ರ ಫೆಬ್ರುವರಿ 15, ಶನಿವಾರ. ಮ್ಯಾಡ್ರಿಡ್ ಮತ್ತು ಬಾರ್ಸಿಲೋನಾದ ಬೀದಿಗಳಲ್ಲಿ ಕಾಲಿಡಲು ಜಾಗವಿರಲಿಲ್ಲ. ಎಲ್ಲರ ಬಾಯಲ್ಲೂ ‘ಯುದ್ಧ ಬೇಡ’ ಎಂಬ ಒಂದೇ ಕೂಗು. ಇರಾಕ್ ಮೇಲಿನ ದಾಳಿಗೆ ಹತ್ತರಲ್ಲಿ ಒಂಬತ್ತು ಮಂದಿ ಸ್ಪೇನ್ ಪ್ರಜೆಗಳು ವಿರುದ್ಧ ಎಂದು ಸಮೀಕ್ಷೆಗಳು ಹೇಳುತ್ತಿದ್ದವು. ಪ್ರಧಾನಿ ಹೋಸೆ ಮರಿಯಾ ಅಸ್ನಾರ್ ಕಿವಿಗೊಡಲಿಲ್ಲ. ಮಾರ್ಚ್ 16ರಂದು ಅಜೋರ್ಸ್ ದ್ವೀಪದ ಸಭೆಯಲ್ಲಿ ಜಾರ್ಜ್ ಬುಷ್ ಮತ್ತು ಟೋನಿ ಬ್ಲೇರ್ ಜೊತೆ ನಿಂತು ಯುದ್ಧಕ್ಕೆ ಬೆಂಬಲ ಸಾರಿದರು. ಸದ್ದಾಂ ಹುಸೇನ್ ಆಡಳಿತ ಉರುಳಿದ ಮೇಲೆ ಸ್ಪೇನ್‌ನ ಸುಮಾರು 1,300 ಸೈನಿಕರು ಇರಾಕ್‌ಗೆ ಹೋದರು.

ಇಷ್ಟೊಂದು ಜನವಿರೋಧ ಕಟ್ಟಿಕೊಂಡ ಪಕ್ಷ ಮುಂದಿನ ಚುನಾವಣೆಯಲ್ಲೇ ಮಣ್ಣು ಮುಕ್ಕಬೇಕಿತ್ತು. ಹಾಗಾಗಲಿಲ್ಲ. ಅದೇ ಮೇ ತಿಂಗಳ ಸ್ಥಳೀಯ ಸಂಸ್ಥೆಗಳ ಚುನಾವಣೆಯಲ್ಲಿ ಅಸ್ನಾರ್ ಅವರ ಪಾಪ್ಯುಲರ್ ಪಾರ್ಟಿಗೆ ದೊಡ್ಡ ಪೆಟ್ಟೇನೂ ಬೀಳಲಿಲ್ಲ, ಮ್ಯಾಡ್ರಿಡ್ ನಗರಾಡಳಿತವೂ ಕೈಯಲ್ಲೇ ಉಳಿಯಿತು. 2004ರ ಸಂಸತ್ ಚುನಾವಣೆ ಹತ್ತಿರವಾದಾಗಲೂ ಸಮೀಕ್ಷೆಗಳಲ್ಲಿ ಅದೇ ಪಕ್ಷ ಮುಂದಿತ್ತು. ಯುದ್ಧವನ್ನು ವಿರೋಧಿಸಿದ ಮತದಾರನಿಗೂ ಉದ್ಯೋಗ, ಮನೆಸಾಲ, ಮಕ್ಕಳ ಓದಿನ ಚಿಂತೆ ಇರುತ್ತದೆ. ಸಾವಿರಾರು ಕಿಲೋಮೀಟರ್ ಆಚೆಯ ಯುದ್ಧವೊಂದನ್ನೇ ಮನಸ್ಸಿನಲ್ಲಿಟ್ಟುಕೊಂಡು ಮತಗಟ್ಟೆಗೆ ಹೋಗುವವರು ಕಡಿಮೆ. ಆದರೆ ಆ ಅಸಮಾಧಾನ ಅಳಿಸಿಹೋಗುವುದಿಲ್ಲ, ಬೂದಿ ಮುಚ್ಚಿದ ಕೆಂಡದಂತೆ ಒಳಗೇ ಇರುತ್ತದೆ.

ಆ ಮೂರು ದಿನಗಳು

ಮತದಾನಕ್ಕೆ ಮೂರೇ ದಿನ ಉಳಿದಿತ್ತು. ಮಾರ್ಚ್ 11ರ ಬೆಳಿಗ್ಗೆ ಮ್ಯಾಡ್ರಿಡ್‌ನ ನಾಲ್ಕು ಲೋಕಲ್ ರೈಲುಗಳಲ್ಲಿ ಹತ್ತು ಬಾಂಬ್‌ಗಳು ಸಿಡಿದವು. ಕೆಲಸಕ್ಕೆ, ಕಾಲೇಜಿಗೆ ಹೊರಟಿದ್ದ 190ಕ್ಕೂ ಹೆಚ್ಚು ಮಂದಿ ಸತ್ತರು. ಇದು ಬಾಸ್ಕ್ ಪ್ರತ್ಯೇಕತಾವಾದಿ ಸಂಘಟನೆ ಇಟಿಎ ಕೃತ್ಯ ಎಂದು ಸರ್ಕಾರ ಅಂದೇ ತೀರ್ಮಾನ ಕೊಟ್ಟುಬಿಟ್ಟಿತು. ಅಸ್ನಾರ್ ಸ್ವತಃ ಪತ್ರಿಕಾ ಸಂಪಾದಕರಿಗೆ ಫೋನ್ ಮಾಡಿ ಹಾಗೆಂದು ಹೇಳಿದರು. ಸ್ಪೇನ್‌ನ ಒತ್ತಾಯದ ಮೇರೆಗೆ ವಿಶ್ವಸಂಸ್ಥೆಯ ಭದ್ರತಾ ಮಂಡಳಿ ಕೂಡ ಇಟಿಎ ಹೆಸರು ಹಿಡಿದೇ ಖಂಡನಾ ನಿರ್ಣಯ ಅಂಗೀಕರಿಸಿತು. ಆದರೆ ಅದೇ ದಿನ ಪೊಲೀಸರಿಗೆ ಸಿಕ್ಕ ವ್ಯಾನಿನಲ್ಲಿ ಡಿಟೊನೇಟರ್‌ಗಳ ಜೊತೆ ಕುರಾನ್ ಪಠಣದ ಕ್ಯಾಸೆಟ್ ಇತ್ತು. ತನಿಖೆಯ ದಿಕ್ಕು ಇಸ್ಲಾಮಿ ಉಗ್ರರ ಕಡೆಗೆ ಬದಲಾಗುತ್ತಿದ್ದರೂ ಸರ್ಕಾರದ ಮಾತು ಮಾತ್ರ ಬೇಗ ಬದಲಾಗಲಿಲ್ಲ.

ಮಾರ್ಚ್ 13, ಪ್ರಚಾರಕ್ಕೆ ಅವಕಾಶವಿಲ್ಲದ ದಿನ. ಮೊಬೈಲ್‌ನಿಂದ ಮೊಬೈಲ್‌ಗೆ ಎಸ್ಸೆಮ್ಮೆಸ್ ಹರಿದಾಡಿ ಆಡಳಿತ ಪಕ್ಷದ ಕಚೇರಿ ಎದುರು ಸಾವಿರಾರು ಜನ ಸೇರಿದರು. ಸತ್ಯ ಹೇಳಿ ಎಂಬುದು ಅವರ ಬೇಡಿಕೆ. ಮರುದಿನ ಶೇಕಡ 75ಕ್ಕೂ ಹೆಚ್ಚು ಮತದಾನವಾಯಿತು. ಪಾಪ್ಯುಲರ್ ಪಾರ್ಟಿಯ ಸ್ಥಾನಗಳು 183ರಿಂದ 148ಕ್ಕೆ ಇಳಿದರೆ, ಸಮಾಜವಾದಿಗಳು 125ರಿಂದ 164ಕ್ಕೆ ಏರಿದರು. ಹೊಸ ಪ್ರಧಾನಿ ಸಪಾಟೆರೊ ಪ್ರಮಾಣವಚನದ ಮರುದಿನವೇ ಇರಾಕ್‌ನಿಂದ ಸೇನೆ ವಾಪಸಾತಿಗೆ ಆದೇಶಿಸಿದರು.

ಸ್ಪೇನ್ ಜನ ಭಯೋತ್ಪಾದಕರಿಗೆ ಹೆದರಿ ಮತ ಹಾಕಿದರು ಎಂಬ ಆರೋಪ ಆಗಲೂ ಕೇಳಿಬಂತು. ಅದನ್ನು ಒಪ್ಪುವುದು ಕಷ್ಟ. ಮತದಾನಕ್ಕೆ ಎರಡು ದಿನ ಮೊದಲಷ್ಟೇ ದೇಶದಾದ್ಯಂತ ಲಕ್ಷಾಂತರ ಜನ ಭಯೋತ್ಪಾದನೆ ವಿರುದ್ಧ ಮೆರವಣಿಗೆ ಮಾಡಿದ್ದರು. ಅವರನ್ನು ಕೆರಳಿಸಿದ್ದು, ಒಲ್ಲದ ಯುದ್ಧಕ್ಕೆ ತಮ್ಮನ್ನು ಎಳೆದ ಸರ್ಕಾರ ಈಗ ಅದರ ನೆರಳನ್ನೂ ಮರೆಮಾಚುತ್ತಿದೆ ಎಂಬ ಅನುಮಾನ.

ಗೆದ್ದರೂ ತಪ್ಪದ ಪೆಟ್ಟು

ಬ್ರಿಟನ್ನಿನಲ್ಲಿ ಇದೇ ಸಿಟ್ಟು ಬೇರೆ ದಾರಿ ಹಿಡಿಯಿತು. 2003ರ ಮಾರ್ಚ್ 18ರಂದು ಬ್ಲೇರ್ ಅವರದೇ ಲೇಬರ್ ಪಕ್ಷದ 139 ಸಂಸದರು ಯುದ್ಧದ ವಿರುದ್ಧ ನಿಂತರು. ವಿರೋಧ ಪಕ್ಷವಾದ ಕನ್ಸರ್ವೇಟಿವ್ ಬಹುಪಾಲು ಯುದ್ಧದ ಪರವೇ ಇತ್ತು. ಹಾಗಾಗಿ 2005ರಲ್ಲಿ ಸಿಟ್ಟಾದ ಮತದಾರನಿಗೆ ಸರ್ಕಾರ ಬದಲಿಸುವ ನೇರ ದಾರಿಯೇ ಇರಲಿಲ್ಲ. ಬ್ಲೇರ್ ಗೆದ್ದರೂ ಬಹುಮತ 167ರಿಂದ 66ಕ್ಕೆ ಕುಸಿಯಿತು. ಪೂರ್ವ ಲಂಡನ್ನಿನ ಬೆತ್ನಲ್ ಗ್ರೀನ್ ಅಂಡ್ ಬೋ ಕ್ಷೇತ್ರದಲ್ಲಿ ಹತ್ತು ಸಾವಿರ ಮತಗಳ ಅಂತರದಿಂದ ಗೆದ್ದಿದ್ದ ಲೇಬರ್, ಈ ಸಲ ಯುದ್ಧವಿರೋಧಿ ಜಾರ್ಜ್ ಗ್ಯಾಲೋವೆ ಎದುರು 823 ಮತಗಳಿಂದ ಸೋತಿತು. ಇರಾಕ್‌ನಲ್ಲಿ ಮಗನನ್ನು ಕಳೆದುಕೊಂಡ ತಂದೆ ರೆಗ್ ಕೀಸ್, ಬ್ಲೇರ್ ಅವರ ಸ್ವಂತ ಕ್ಷೇತ್ರದಲ್ಲೇ ಪಕ್ಷೇತರರಾಗಿ ಸ್ಪರ್ಧಿಸಿ 4,252 ಮತ ಪಡೆದರು. ಫಲಿತಾಂಶದ ರಾತ್ರಿ ವೇದಿಕೆಯಲ್ಲಿ ಅವರು ಮಾತಾಡುವಾಗ ಪ್ರಧಾನಿ ಹಿಂದೆಯೇ ನಿಂತು ಕೇಳಬೇಕಾಯಿತು.

ಎಲ್ಲೆಡೆ ಹೀಗೇ ಆಗಲಿಲ್ಲ. ಆಸ್ಟ್ರೇಲಿಯಾದ ಜಾನ್ ಹೊವರ್ಡ್ 2004ರಲ್ಲಿ ಇನ್ನಷ್ಟು ಬಲದೊಂದಿಗೆ ಮರಳಿದರು. ಆ ಹೊತ್ತಿಗೆ ಇರಾಕ್ ಕಾಳಗದಲ್ಲಿ ಅವರ ಒಬ್ಬ ಸೈನಿಕನೂ ಸತ್ತಿರಲಿಲ್ಲ. ಬುಷ್ ಕೂಡ ಆ ವರ್ಷ ಗೆದ್ದರು. ಆದರೆ ಶವಪೆಟ್ಟಿಗೆಗಳು ಬರುತ್ತಲೇ ಇದ್ದುದರಿಂದ 2006ರ ನವೆಂಬರಿನಲ್ಲಿ ಅವರ ಪಕ್ಷ ಸಂಸತ್ತಿನ ಎರಡೂ ಸದನಗಳನ್ನು ಕಳೆದುಕೊಂಡಿತು. ರಕ್ಷಣಾ ಸಚಿವ ರಮ್ಸ್‌ಫೆಲ್ಡ್ ನಿರ್ಗಮನ ಮರುದಿನವೇ ಪ್ರಕಟವಾಯಿತು.

ಭಾರತದ ಮುಂದೆಯೂ ಈ ಪ್ರಶ್ನೆ ಬಂದಿತ್ತು. ಇರಾಕ್‌ಗೆ ಒಂದು ಡಿವಿಷನ್ ಸೇನೆ ಕಳಿಸಿ ಎಂದು ಅಮೆರಿಕ ಕೇಳಿತ್ತು. ದಾಳಿಯ ವಿರುದ್ಧ ಸಂಸತ್ತು ಏಪ್ರಿಲ್‌ನಲ್ಲೇ ನಿರ್ಣಯ ಅಂಗೀಕರಿಸಿತ್ತು. ವಿಶ್ವಸಂಸ್ಥೆಯ ಸ್ಪಷ್ಟ ಆದೇಶವಿಲ್ಲದೆ ಕಳಿಸುವುದಿಲ್ಲ ಎಂದು ವಾಜಪೇಯಿ ಸರ್ಕಾರ 2003ರ ಜುಲೈ 14ರಂದು ತೀರ್ಮಾನಿಸಿತು. ನಮ್ಮ ಯೋಧರ ಮನೆಗಳಿಗೆ ಆ ಯುದ್ಧದ ಸುದ್ದಿ ಸಾವಿನ ಸುದ್ದಿಯಾಗಿ ಬರಲಿಲ್ಲ.

ಚುನಾವಣೆ ಕೊಡುವ ಶಿಕ್ಷೆ ತಡವಾಗಿ ಬರುತ್ತದೆ, ಕೆಲವೊಮ್ಮೆ ಅರ್ಧವೇ ಬರುತ್ತದೆ. ಅದು ಬರುವಷ್ಟರಲ್ಲಿ ಸತ್ತವರು ಸತ್ತಿರುತ್ತಾರೆ. ಆದ್ದರಿಂದ ಪುರಾವೆ ಎಲ್ಲಿ, ಗುರಿ ಏನು, ವಾಪಸಾಗುವುದು ಯಾವಾಗ ಎಂದು ಸೇನೆ ಹೊರಡುವ ಮೊದಲೇ ಸಂಸತ್ತು ಕೇಳಬೇಕು. ಆಡಳಿತ ಪಕ್ಷದ ಸದಸ್ಯರೂ ಕೇಳಬೇಕು. ವಿರೋಧ ಪಕ್ಷ ಆ ಹೊತ್ತಿನಲ್ಲಿ ಸುಮ್ಮನಿದ್ದರೆ, ಆಮೇಲೆ ಮತದಾರ ಎಷ್ಟೇ ಸಿಟ್ಟಾದರೂ ಅವನ ಕೈಯಲ್ಲಿ ಉಳಿಯುವುದು ತಡವಾದ ಒಂದು ಮತ ಮಾತ್ರ.