ಮಗುವನ್ನು ಶಿಶುವಿಹಾರಕ್ಕೆ ಕಳುಹಿಸುವ ಮುನ್ನ

ಮುಂಗಾರು ಬೀಳುವುದಕ್ಕೆ ಮೊದಲೇ ರೈತನು ಹೊಲವನ್ನು ಉತ್ತು ಹದ ಮಾಡಿಕೊಳ್ಳುತ್ತಾನೆ. ಬಿತ್ತನೆಯ ದಿನ ಬೆಳಿಗ್ಗೆ ಕೂರಿಗೆಗಾಗಿ ಊರೆಲ್ಲ ಹುಡುಕುವವನನ್ನು ಕಂಡರೆ ನೆರೆಯವರು ನಗುತ್ತಾರೆ. ಆದರೆ ಮನೆಯ ಕೂಸು ಮೊದಲ ಬಾರಿಗೆ ಅಂಗನವಾಡಿಗೋ ಎಲ್.ಕೆ.ಜಿ.ಗೋ ಹೋಗುವಾಗ ಮಾತ್ರ ನಾವು ಯಾವ ಹದವನ್ನೂ ನೋಡುವುದಿಲ್ಲ. ಅಂದು ಬೆಳಿಗ್ಗೆ ತಲೆಗೆ ಎಣ್ಣೆ ಹಚ್ಚಿ, ಹೊಸ ಅಂಗಿ ತೊಡಿಸಿ, ಎತ್ತಿಕೊಂಡು ಹೋಗಿ ಟೀಚರ ಕೈಗೆ ಒಪ್ಪಿಸಿ ಬಂದರೆ ನಮ್ಮ ಕೆಲಸ ಮುಗಿಯಿತೆಂದು ತಿಳಿಯುತ್ತೇವೆ. ಮಗು ಹೆದರಿ ನಾಲ್ಕು ದಿನ ಹೋಗದೆ ನಿಂತಿತೋ, "ಇದಕ್ಕೆ ವಿದ್ಯೆ ಹತ್ತುವುದಿಲ್ಲ" ಎಂದು ಹಿರಿಯರು ತೀರ್ಪು ಕೊಟ್ಟುಬಿಡುತ್ತಾರೆ. ಮೂರು ವರ್ಷದ ಮಗುವಿಗೆ ಅಂಟಿದ ಆ ಮಾತು ಹತ್ತು ವರ್ಷವಾದರೂ ಬಿಡುವುದಿಲ್ಲ. ಅಂಗನವಾಡಿಯಲ್ಲಿ ಸಿಗುವ ಊಟ, ಆಟ, ಆರೋಗ್ಯ ತಪಾಸಣೆ ಎಲ್ಲವೂ ತಪ್ಪಿಹೋಗುತ್ತವೆ.

ಶಿಶುವಿಹಾರವೆಂದರೆ ಏನೆಂಬುದನ್ನು ಮೊದಲು ತಿಳಿಯೋಣ. ಜರ್ಮನಿಯ ಫ್ರೋಬೆಲ್ ಎಂಬ ಶಿಕ್ಷಕನು 1840ರಲ್ಲಿ ತನ್ನ ಪುಟ್ಟ ಶಾಲೆಗೆ ಕಿಂಡರ್‌ಗಾರ್ಟನ್ ಎಂದು ಹೆಸರಿಟ್ಟನು. ಅದಕ್ಕೆ ಮಕ್ಕಳ ತೋಟವೆಂದು ಅರ್ಥ. ನಮ್ಮ ದೇಶದಲ್ಲಿ ಗಿಜುಭಾಯಿ ಬಧೇಕಾ ಅವರು 1920ರಲ್ಲಿ ಗುಜರಾತಿನ ಭಾವನಗರದಲ್ಲಿ ಬಾಲಮಂದಿರವನ್ನು ತೆರೆದು, ಬೆತ್ತವಿಲ್ಲದೆ ಹಾಡು, ಕಥೆ, ಆಟಗಳಿಂದಲೇ ಮಕ್ಕಳು ಕಲಿಯುವುದನ್ನು ತೋರಿಸಿದರು. ಅಂಗನವಾಡಿಗಳು ಬಂದುದು 1975ರ ಅಕ್ಟೋಬರ್ 2ರಂದು. ದೇಶದಲ್ಲಿ ಮೊದಲು ಆರಿಸಿಕೊಂಡ 33 ಕಡೆಗಳಲ್ಲಿ ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರವೂ ಒಂದು. ಮೂರರಿಂದ ಆರು ವರ್ಷದವರೆಗಿನ ಮಕ್ಕಳಿಗೆ ಇಲ್ಲಿ ಶಾಲಾಪೂರ್ವ ಶಿಕ್ಷಣ ಉಂಟು. ಒಂದನೆಯ ತರಗತಿಗೆ ಆರು ವರ್ಷ ಆಗಬೇಕೆಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿ ಹೇಳಿದೆ. ಆದುದರಿಂದ ಮೂರು ವರ್ಷದ ಕೂಸಿನ ಮುಂದೆ ಇನ್ನೂ ಮೂರು ವರ್ಷಗಳ ಕಾಲಾವಕಾಶವಿದೆ. ಇಷ್ಟಾದರೂ ಮೇ ತಿಂಗಳಲ್ಲಿಯೇ ಕೂಸಿನ ಬೆರಳಿಗೆ ಬಳಪ ಕೊಟ್ಟು ಅ ಆ ಇ ಈ ತೀಡಿಸುವ ಅವಸರ ನಮಗೇಕೆ?

ಈ ಅವಸರದಿಂದ ಕೇಡೇ ಹೆಚ್ಚು. ಮನುಷ್ಯನ ಮಣಿಕಟ್ಟಿನಲ್ಲಿ ಎಂಟು ಸಣ್ಣ ಮೂಳೆಗಳಿವೆ. ಮೂರು ನಾಲ್ಕು ವರ್ಷದ ಮಗುವಿನಲ್ಲಿ ಅವುಗಳಲ್ಲಿ ಹಲವು ಇನ್ನೂ ಗಟ್ಟಿಯಾಗದೆ ಮೆತ್ತಗಿನ ಮೃದ್ವಸ್ಥಿಯಾಗಿಯೇ ಇರುತ್ತವೆ. ಬೆರಳುಗಳ ಹಿಡಿತವೂ ಬಲಿತಿರುವುದಿಲ್ಲ. ಅಂಥ ಕೈಯಿಂದ ಒಂದು ಪುಟ ಬರೆಸುವುದೆಂದರೆ ಎಳೆಗರುವಿನ ಹೆಗಲಿಗೆ ನೊಗ ಹೂಡಿದಂತೆ. ಮಗು ಬರೆಯಲಾರದೆ ಅಳುತ್ತದೆ. ನಾವು ಅದನ್ನು ಸೋಮಾರಿತನವೆನ್ನುತ್ತೇವೆ. ಕೈಗೆ ಬಲ ಬರಿಸುವ ಕೆಲಸಗಳು ಬೇರೆ ಇವೆ, ಅವು ನಮ್ಮ ಅಡಿಗೆಮನೆಯಲ್ಲಿಯೇ ಇವೆ. ಅವರೆಕಾಯಿ ಸುಲಿಯುವುದು, ರೊಟ್ಟಿಯ ಹಿಟ್ಟಿನಲ್ಲಿ ಒಂದು ಉಂಡೆ ಪಡೆದು ತಟ್ಟುವುದು, ಹುರುಳಿಯನ್ನೂ ಹೆಸರನ್ನೂ ಬೆರೆಸಿಟ್ಟರೆ ಬೇರೆ ಬೇರೆ ಮಾಡುವುದು, ಜೇಡಿಮಣ್ಣಿನಲ್ಲಿ ಎತ್ತು ಮಾಡುವುದು. ಮಣ್ಣೆತ್ತಿನ ಅಮಾವಾಸ್ಯೆಯನ್ನು ಆಚರಿಸುವ ಸೀಮೆಯವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಕಾಳುಗಳೊಡನೆ ಆಡುವಾಗ ದೊಡ್ಡವರೊಬ್ಬರು ಹತ್ತಿರವೇ ಇರಬೇಕು. ಕಾಳನ್ನು ಮೂಗಿಗೋ ಕಿವಿಗೋ ತೂರಿಸಿಕೊಳ್ಳುವುದು ಈ ವಯಸ್ಸಿನವರ ಸ್ವಭಾವ. ಮಗು ಎಡಗೈಯಲ್ಲಿ ಕೆಲಸ ಮಾಡಿದರೆ ತಡೆಯಬಾರದು.

ಇನ್ನು ಮುಖ್ಯ ವಿಷಯಕ್ಕೆ ಬರೋಣ. ಹಟ ಮಾಡುವ ಮಗುವನ್ನು ಸುಮ್ಮನಾಗಿಸಲು ನಾವು ಆಡುವ ಮಾತು ಯಾವುದು? "ಇರು, ಇಸ್ಕೂಲಿಗೆ ಹಾಕ್ತೀನಿ, ಟೀಚರು ಬಾರಿಸ್ತಾರೆ." ವರ್ಷವಿಡೀ ಗುಮ್ಮನಂತೆ ತೋರಿಸಿದ ಆ ಟೀಚರ ಮಡಿಲಿಗೇ ಒಂದು ದಿನ ಮಗುವನ್ನು ಹಾಕಿ ಬಂದರೆ ಅದು ಕಿರುಚದೆ ಇನ್ನೇನು ಮಾಡೀತು? ಈ ಒಂದು ಮಾತನ್ನು ಇಂದಿನಿಂದಲೇ ಬಿಟ್ಟರೆ ಅರ್ಧ ಸಿದ್ಧತೆ ಆದಂತೆಯೇ. ಅಜ್ಜಿ, ತಾತ, ಸೋದರಮಾವ ಎಲ್ಲರಿಗೂ ಇದನ್ನು ತಿಳಿಸಿಡಬೇಕು. ಚೇಷ್ಟೆಗೆಂದು ಹೆದರಿಸುವವರು ಸಾಮಾನ್ಯವಾಗಿ ಅವರೇ!

ಸೇರಿಸುವುದಕ್ಕೆ ಮೂರು ನಾಲ್ಕು ವಾರ ಮೊದಲು ಸಂಜೆಯ ಹೊತ್ತು ಆ ಕಟ್ಟಡದ ಕಡೆ ಮಗುವನ್ನು ಸುಮ್ಮನೆ ಕರೆದೊಯ್ಯಿರಿ. ಬಾಗಿಲು, ಅಂಗಳ, ಗೋಡೆಯ ಮೇಲಿನ ಚಿತ್ರಗಳನ್ನು ಅದು ನೋಡಲಿ. ಇನ್ನೊಂದು ದಿನ ಮಕ್ಕಳು ಹಾಡುವ ಹೊತ್ತಿಗೆ ಹೋಗಿ ಅರ್ಧ ಗಂಟೆ ಜೊತೆಯಲ್ಲಿ ಕುಳಿತು ಬನ್ನಿರಿ. ಮನೆಯಲ್ಲಿಯೂ ಅಗಲಿಕೆಯ ಅಭ್ಯಾಸ ಆಗಬೇಕು. ತಾಯಿಯನ್ನು ಬಿಟ್ಟು ಚಿಕ್ಕಮ್ಮನ ಮನೆಯಲ್ಲಿ ಮೊದಲು ಒಂದು ಗಂಟೆ, ಆಮೇಲೆ ಎರಡು ಗಂಟೆ ಇದ್ದು ಆಡಿದ ಮಗುವಿಗೆ "ಅಮ್ಮ ಹೋದರೂ ಮತ್ತೆ ಬರುತ್ತಾಳೆ" ಎಂಬ ಧೈರ್ಯ ತಾನಾಗಿ ಬರುತ್ತದೆ. ಆದುದರಿಂದಲೇ ಮಗುವಿಗೆ ಹೇಳದೆ ಹಿಂಬಾಗಿಲಿನಿಂದ ನುಸುಳಿ ಹೋಗುವುದು ದೊಡ್ಡ ತಪ್ಪು. ತಿರುಗಿ ನೋಡುವಾಗ ತಾಯಿ ಇಲ್ಲವೆಂದಾದರೆ, ಮರುದಿನ ಅದು ಸೆರಗನ್ನು ಬಿಡುವುದೇ ಇಲ್ಲ. "ನಿನ್ನ ಊಟ ಆದ ಮೇಲೆ ಬರುತ್ತೇನೆ" ಎಂದು ಹೇಳಿಯೇ ಹೊರಡಿರಿ, ಹೇಳಿದ ಹೊತ್ತಿಗೆ ಸರಿಯಾಗಿ ಬನ್ನಿರಿ. ಗಡಿಯಾರದ ಲೆಕ್ಕ ಮಗುವಿಗೆ ತಿಳಿಯದು. ಊಟ, ನಿದ್ದೆಗಳ ಲೆಕ್ಕ ತಿಳಿಯುತ್ತದೆ. ಮೊದಲ ವಾರ ಒಂದು ಗಂಟೆ, ಎರಡು ಗಂಟೆ ಬಿಟ್ಟು ಕರೆತರಲು ಟೀಚರನ್ನು ಕೇಳಿಕೊಳ್ಳಬಹುದು. ಕೂಲಿಗೆ ಹೋಗುವ ತಾಯಿಗೆ ಇದು ಕಷ್ಟವೆಂಬುದು ನಿಜ. ಆಗ ತಂದೆ ಒಂದು ವಾರ ಈ ಹೊಣೆ ಹೊತ್ತರೆ ಅವನ ಮರ್ಯಾದೆಗೇನೂ ಕುಂದಿಲ್ಲ.

ಮಗು ಟೀಚರ ಮುಂದೆ ಬಾಯಿಬಿಟ್ಟು ಕೇಳಬೇಕಾದುದು ಮೂರು: ನೀರು, ಊಟ, ಒಂದಕ್ಕೆ ಎರಡಕ್ಕೆ ಹೋಗುವುದು. ಅಕ್ಷರ ಬಾರದಿದ್ದರೆ ನಷ್ಟವಿಲ್ಲ, ಇವನ್ನು ಕೇಳಲು ಬಾರದಿದ್ದರೆ ಬಹಳ ಕಷ್ಟ. ನಾಚಿಕೆಯಿಂದ ಮೂತ್ರವನ್ನು ಕಟ್ಟಿಕೊಂಡು ಕುಳಿತ ಮಗು ಚಡ್ಡಿ ಒದ್ದೆ ಮಾಡಿಕೊಳ್ಳುತ್ತದೆ; ಉಳಿದವರು ನಗುತ್ತಾರೆ; ಮರುದಿನದಿಂದ "ಹೊಟ್ಟೆನೋವು" ಶುರುವಾಗುತ್ತದೆ. ದಿನವೂ ಹೀಗೆ ತಡೆದುಕೊಂಡರೆ ಮೂತ್ರದ ಸೋಂಕಿಗೂ ದಾರಿ. "ಟೀಚರ್, ಒಂದಕ್ಕೆ ಹೋಗಬೇಕು" ಎಂದು ಸ್ಪಷ್ಟವಾಗಿ ಹೇಳುವುದನ್ನು ಮನೆಯಲ್ಲಿಯೇ ಆಟದಂತೆ ರೂಢಿಸಿರಿ. ಬಯಲಿಗೆ ಹೋಗಿ ರೂಢಿಯಾದ ಮಗುವಿಗೆ ಶೌಚಾಲಯದ ಕತ್ತಲೆ ಕೋಣೆಯೇ ಭಯ. ಅದರ ಬಾಗಿಲು ತೆರೆದು, ನೀರು ಸುರಿದು ತೋರಿಸಬೇಕು. ಗುಂಡಿ, ಹುಕ್ಕು, ಬೆಲ್ಟುಗಳ ಚಂದದ ಚಡ್ಡಿ ಫೋಟೋಗೆ ಮಾತ್ರ ಸರಿ. ಮಗು ತಾನೇ ಎಳೆದು ಹಾಕಿಕೊಳ್ಳುವಂಥ ಎಲಾಸ್ಟಿಕ್ ಚಡ್ಡಿ ಉತ್ತಮ. ಊಟವನ್ನು ಅದು ತನ್ನ ಕೈಯಿಂದಲೇ ಉಣ್ಣಲಿ. ಅರ್ಧ ಚೆಲ್ಲಿದರೂ ಗದರಬೇಡಿರಿ. ಉಣ್ಣುವ ಮೊದಲು, ಶೌಚದ ನಂತರ ಸೋಪಿನಿಂದ ಕೈ ತೊಳೆಯುವುದು ಮನೆಯವರೆಲ್ಲ ಮಾಡಿದರೆ ಮಾತ್ರ ಮಗುವಿಗೂ ಬರುತ್ತದೆ.

ಕನ್ನಡ ಮನೆಮಾತಲ್ಲದ ಕುಟುಂಬಗಳು ಇಲ್ಲಿ ಒಂದು ವಿಷಯವನ್ನು ಗಮನಿಸಬೇಕು. ತಾಂಡಾದಿಂದ ಲಂಬಾಣಿ ಮಾತನಾಡುತ್ತ ಬರುವ ಮಗು, ಉರ್ದು ಅಥವಾ ತೆಲುಗು ಮನೆಮಾತಿನ ಮಗು, ಮೊದಲ ದಿನಗಳಲ್ಲಿ ಮೂಕನಂತೆ ಕುಳಿತಿರುತ್ತದೆ. ಅದು ದಡ್ಡತನವಲ್ಲ, ಸುತ್ತಲಿನ ಮಾತು ಅರ್ಥವಾಗದ ಕಷ್ಟ. ನೀರಿಗೆ, ಹಸಿವಿಗೆ, ಮೂತ್ರಕ್ಕೆ ಮಗು ಮನೆಯಲ್ಲಿ ಬಳಸುವ ಐದಾರು ಮಾತುಗಳನ್ನು ಟೀಚರಿಗೆ ಬರೆದು ಕೊಡಿರಿ. ಅವುಗಳ ಕನ್ನಡವನ್ನು ಮಗುವಿಗೆ ಹೇಳಿಕೊಡಿರಿ. ಇದಕ್ಕಾಗಿ ಮನೆಮಾತನ್ನು ಬಿಡಬೇಕಾಗಿಲ್ಲ. ತನ್ನ ನುಡಿಯಲ್ಲಿ ಕಥೆ ಕೇಳಿ ಬೆಳೆದ ಮಗು ಎರಡನೆಯ ನುಡಿಯನ್ನೂ ಸುಲಭವಾಗಿ ಹಿಡಿಯುತ್ತದೆ.

ಆರೋಗ್ಯದ ಮಾತು. ತಾಯಿ ಕಾರ್ಡನ್ನು ತೆಗೆದು ಲಸಿಕೆಗಳು ಬಾಕಿ ಇವೆಯೇ ನೋಡಿರಿ. ಐದರಿಂದ ಆರು ವರ್ಷದೊಳಗೆ ಗಂಟಲುಮಾರಿ, ನಾಯಿಕೆಮ್ಮು, ಧನುರ್ವಾಯುಗಳ ಎರಡನೆಯ ಬೂಸ್ಟರ್ ಇದೆ, ಅದನ್ನು ಮರೆಯುವವರೇ ಹೆಚ್ಚು. ಬೆನ್ನ ಹಿಂದಿನಿಂದ ಮೆಲ್ಲಗೆ ಹೆಸರು ಹಿಡಿದು ಕರೆಯಿರಿ. ತಿರುಗದಿದ್ದರೆ ಕಿವಿಯ ಪರೀಕ್ಷೆ ಆಗಬೇಕು. ಕಿವಿ ಸೋರುತ್ತಿದ್ದರೆ ಎಣ್ಣೆ ಬಿಡದೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದೊಯ್ಯಿರಿ. ವಸ್ತುಗಳನ್ನು ಕಣ್ಣಿಗೆ ತೀರ ಹತ್ತಿರ ಹಿಡಿಯುವ ಮಗುವನ್ನೂ ತೋರಿಸತಕ್ಕದ್ದು. "ಮಾತು ಕೇಳುವುದಿಲ್ಲ, ಗಮನ ಕೊಡುವುದಿಲ್ಲ" ಎಂದು ಬೈಸಿಕೊಳ್ಳುವ ಎಷ್ಟೋ ಮಕ್ಕಳ ತೊಂದರೆ ಕಿವಿಯಲ್ಲಿಯೋ ಕಣ್ಣಿನಲ್ಲಿಯೋ ಇರುತ್ತದೆ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡ ಅಂಗನವಾಡಿಗೆ ಬರುವ ದಿನವನ್ನು ಕೇಳಿಟ್ಟುಕೊಂಡು, ಅಂದು ಮಗುವನ್ನು ತಪ್ಪದೆ ಕಳುಹಿಸಿರಿ.

ರಾತ್ರಿ ಬೇಗ ಮಲಗಿಸುವ ರೂಢಿಯನ್ನೂ ಮೊದಲೇ ಹಿಡಿಸಬೇಕು. ಹನ್ನೊಂದರವರೆಗೆ ಮೊಬೈಲ್ ನೋಡಿದ ಮಗು ಬೆಳಿಗ್ಗೆ ಅಳುತ್ತಲೇ ಏಳುತ್ತದೆ.

ಸೇರಿದ ಮೇಲೆ ಕೆಲವು ದಿನ ಅಳು ಇದ್ದೇ ಇರುತ್ತದೆ, ಅದಕ್ಕೆ ಗಾಬರಿ ಬೇಡ. ಸಂಜೆ ಮನೆಗೆ ಬಂದಾಗ "ಏನು ಬರೆದೆ?" ಎಂಬುದಕ್ಕಿಂತ "ಯಾರ ಜೊತೆ ಆಡಿದೆ?" ಎಂದು ಕೇಳಿರಿ. ಎರಡು ಮೂರು ವಾರ ಕಳೆದರೂ ಊಟ ಬಿಟ್ಟು, ನಿದ್ದೆಯಲ್ಲಿ ಬೆಚ್ಚಿ, ಹೋಗುವ ಹೊತ್ತಿಗೆ ನಡುಗುತ್ತಿದ್ದರೆ ಮಗುವನ್ನು ಹೊಡೆದು ಎಳೆದೊಯ್ಯಬಾರದು. ತಾಯಿ ತಂದೆ ಇಬ್ಬರೂ ಟೀಚರ ಬಳಿ ಹೋಗಿ, ಅಂಗಳದಲ್ಲಿ ಒಂದು ಗಳಿಗೆ ಕುಳಿತು, ಅಲ್ಲಿ ಮಗುವನ್ನು ಕಾಡುತ್ತಿರುವುದು ಏನೆಂದು ವಿಚಾರಿಸಬೇಕು.